ಮಳೆಗಾಲ ಕಳೆದು ಟ್ರ್ಯಾಕ್ ಬೈಕ್ ಹೊರಗೆ ಎಳೆದಾಗ: ಯಾವ ಶಬ್ದಕ್ಕೆ ಏನು ಅರ್ಥ, ಎಲ್ಲಿ ಕೈ ನಿಲ್ಲಿಸಬೇಕು

ನಮ್ಮ ಕಾಸರಗೋಡಿನಲ್ಲಿ ಬೈಕ್ ರೇಸಿನ ಟ್ರ್ಯಾಕ್ ಇಲ್ಲ. ಓಡಿಸಬೇಕು ಅಂತ ಆಸೆಯಾದರೆ ಬೈಕನ್ನು ಪಿಕಪ್ಪಿಗೆ ಹತ್ತಿಸಿ, ಹಗ್ಗ ಬಿಗಿದು, ಕೋಳಿಕ್ಕೋಡು, ಪಾಲಕ್ಕಾಡು ದಾಟಿ ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗಬೇಕು. 300 ಕಿಲೋಮೀಟರಿಗೂ ಜಾಸ್ತಿ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇನ್ನೂ ದೂರ. ಅಷ್ಟು ದೂರ ಹೋಗಿ ಎರಡನೇ ಸುತ್ತಿನಲ್ಲಿ ಬೈಕ್ ನಿಂತರೆ ಪಿಕಪ್ ಬಾಡಿಗೆ, ಟ್ರ್ಯಾಕ್ ಫೀಸು, ರಜೆ ಎಲ್ಲಾ ನೀರಿಗೆ. ಹಾಗಾಗಿ ಹುಡುಕುವುದನ್ನೆಲ್ಲ ಮನೆ ಅಂಗಳದಲ್ಲೇ ಹುಡುಕಿ ಮುಗಿಸಬೇಕು.

ನನ್ನ ಬೈಕ್ 155 ಸಿಸಿಯದ್ದು. ಒಂದೇ ಸಿಲಿಂಡರ್, ರೇಡಿಯೇಟರ್ ಉಂಟು, ಪೆಟ್ರೋಲ್ ಇಂಜೆಕ್ಷನ್. ಲೈಟು, ಕನ್ನಡಿ, ಸೈಡ್ ಸ್ಟ್ಯಾಂಡ್ ಎಲ್ಲ ಕಳಚಿ ಟ್ರ್ಯಾಕಿಗೇ ಅಂತ ಇಟ್ಟದ್ದು. ಜೂನ್‌ನಲ್ಲಿ ಪೆರ್ಲದ ಕಡೆಯ ನಮ್ಮ ಅಡಿಕೆ ಶೆಡ್ಡಿನೊಳಗೆ ಹೋದರೆ ಹೊರಗೆ ಬರುವುದು ಅಕ್ಟೋಬರಿನಲ್ಲಿ. ನಾಲ್ಕು ತಿಂಗಳು ಗೋಡೆಯೇ ಬೆವರುವಂಥ ತೇವ. ಉಪ್ಪಳ, ಕುಂಬಳೆ ಕಡೆಯವರಾದರೆ ಅದರ ಜೊತೆಗೆ ಉಪ್ಪಿನ ಗಾಳಿ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ: ಮಳೆಗಾಲ ಕಳೆದು ಕಾಣಿಸುವ ತೊಂದರೆಗಳಲ್ಲಿ ಹೆಚ್ಚಿನವು ಎಂಜಿನ್ನಿನ ಹೊರಗಿನವು. ತುಕ್ಕು, ತೇವ, ಇಲಿ, ಹಳಸಿದ ಪೆಟ್ರೋಲ್. ನಾವು ಮಾತ್ರ ಮೊದಲು ಎಂಜಿನ್ನಿಗೇ ಸ್ಪಾನರ್ ಹಾಕುತ್ತೇವೆ. ನಾನೂ ಹಾಕಿದ್ದೇನೆ, ಅದರ ಕಥೆ ಕೆಳಗೆ ಉಂಟು.

ಸ್ಪಾನರ್ ಹಿಡಿಯುವ ಮೊದಲು

ಸೈಡ್ ಸ್ಟ್ಯಾಂಡ್ ಇಲ್ಲದ ಬೈಕ್ ಇದು. ಚಕ್ರ ಎತ್ತಿ ನಿಲ್ಲಿಸುವ ಪ್ಯಾಡಕ್ ಸ್ಟ್ಯಾಂಡ್ ಗಟ್ಟಿ ನೆಲದ ಮೇಲೆ ಇರಲಿ. ಸೆಗಣಿ ಸಾರಿಸಿದ ಅಂಗಳದಲ್ಲಿ ಅದರ ಸಣ್ಣ ಚಕ್ರ ಹೂತು ಬೈಕ್ ವಾಲಿದ್ದನ್ನು ನೋಡಿದ್ದೇನೆ, ಕೆಳಗೊಂದು ಹಲಗೆ ಹಾಕಿ. ಶೆಡ್ಡಿನೊಳಗೆ ಬಾಗಿಲು ಹಾಕಿ ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ತಿರುಗುವುದೇ ಮೊದಲ ಸೂಚನೆ, ಅಷ್ಟರಲ್ಲಿ ತಡವಾಗಿರಬಹುದು. ಪೆಟ್ರೋಲ್ ಕೆಲಸ ಮಾಡುವಾಗ ಹತ್ತಿರ ಅಡಿಕೆ ಬೇಯಿಸುವ ಒಲೆ ಉರಿಯುತ್ತಿರಬಾರದು.

ಮತ್ತೊಂದು, ಇದನ್ನು ಗಟ್ಟಿಯಾಗಿ ಹೇಳಬೇಕು. ಎಂಜಿನ್ ಓಡುತ್ತಿರುವಾಗ ಹಿಂದಿನ ಚಕ್ರ ತಿರುಗಿಸಿಕೊಂಡು ಚೈನಿಗೆ ಬಟ್ಟೆ ಹಿಡಿಯುವ ಅಭ್ಯಾಸ ಕೆಲವರಿಗೆ ಉಂಟು. ಬಟ್ಟೆಯನ್ನು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಎಳೆದುಕೊಂಡರೆ ಬೆರಳು ಅದರ ಹಿಂದೆಯೇ ಹೋಗುತ್ತದೆ. ಚೈನಿನ ಕೆಲಸ ಯಾವತ್ತೂ ಎಂಜಿನ್ ಆಫ್ ಮಾಡಿ, ಕೈಯಲ್ಲಿ ಚಕ್ರ ತಿರುಗಿಸಿಯೇ.

ಬೈಕ್ ತಳ್ಳಿದರೆ ಕದಲುವುದಿಲ್ಲ

ಮೊದಲು ನೋಡಬೇಕಾದದ್ದು ಗೇರ್. ನಗಬೇಡಿ, ಹತ್ತು ನಿಮಿಷ ತಳ್ಳಿ ಬೆವರಿದ ಮೇಲೆ ಎರಡನೇ ಗೇರಿನಲ್ಲಿ ಇದ್ದದ್ದು ಗೊತ್ತಾದ ದಿನವೂ ಉಂಟು.

ನ್ಯೂಟ್ರಲ್‌ನಲ್ಲೂ ಕದಲದಿದ್ದರೆ ಸ್ಟ್ಯಾಂಡಿಗೆ ಹಾಕಿ ಒಂದೊಂದೇ ಚಕ್ರ ತಿರುಗಿಸಿ. ಯಾವುದು ಹಿಡಿದಿದೆ ಅಂತ ತಿಳಿಯುತ್ತದೆ. ಡಿಸ್ಕಿನ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಇದ್ದು, ಬಲ ಹಾಕಿದಾಗ ಒಮ್ಮೆ 'ಟಪ್' ಅಂತ ಬಿಟ್ಟು ಆಮೇಲೆ ಸರಾಗ ತಿರುಗಿದರೆ ಅದು ಪ್ಯಾಡು ಡಿಸ್ಕಿಗೆ ಅಂಟಿಕೊಂಡದ್ದು, ಅಷ್ಟೇ. ನಾಲ್ಕು ಸಲ ಬ್ರೇಕ್ ಹಿಡಿದರೆ ತುಕ್ಕು ಹೋಗುತ್ತದೆ.

ಬಿಡದೆ ಹಿಡಿದೇ ಇದ್ದರೆ ಬ್ರೇಕ್ ಲಿವರ್ ನೋಡಿ. ಬಿದ್ದ ಮೇಲೆ ಸುಮ್ನೆ ಸಿಕ್ಕಿದ ಬೇರೆ ಲಿವರ್ ಹಾಕಿದ್ದೀರಾ? ಅದು ಬಿಟ್ಟಾಗಲೂ ಮಾಸ್ಟರ್ ಸಿಲಿಂಡರಿನ (ಲಿವರಿನ ಬುಡದಲ್ಲಿ ಬ್ರೇಕ್ ಎಣ್ಣೆಯನ್ನು ಒತ್ತುವ ಭಾಗ) ಪಿಸ್ಟನ್ನನ್ನು ಕೂದಲೆಳೆಯಷ್ಟು ಒತ್ತಿಕೊಂಡಿದ್ದರೆ ಎಣ್ಣೆ ವಾಪಸು ಡಬ್ಬಿಗೆ ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಮನೆಯಲ್ಲಿ ಇದು ಬರೀ ಬಿಗಿ ಚಕ್ರ. ಟ್ರ್ಯಾಕಿನಲ್ಲಿ ಎಣ್ಣೆ ಬಿಸಿಯಾಗಿ ಹಿಗ್ಗಿ, ನೀವು ಬ್ರೇಕ್ ಹಿಡಿಯದೆಯೇ ಮುಂದಿನ ಚಕ್ರ ತಾನಾಗಿ ಬಿಗಿಯುತ್ತಾ ಹೋಗುತ್ತದೆ. ಲಿವರಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು.

ಅದೂ ಸರಿ ಇದ್ದರೆ ಒಂದು ಪರೀಕ್ಷೆ ಮಾಡಿ, ನನಗೆ ತುಂಬಾ ಇಷ್ಟವಾದದ್ದು. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಲ್ಲಿ ಎಣ್ಣೆ, ಗಾಳಿ ಹೊರಬಿಡುವ ಬ್ಲೀಡ್ ನಿಪ್ಪಲ್ ಉಂಟು, ಅದಕ್ಕೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ, ತುದಿಯನ್ನು ಬಾಟಲಿಗೆ ಬಿಟ್ಟು, ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಎಣ್ಣೆ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಹಾಕಿಕೊಂಡಿತ್ತು ಅಂತ ಅರ್ಥ. ತಪ್ಪು ಮೇಲೆ, ಅಂದರೆ ಮಾಸ್ಟರ್ ಸಿಲಿಂಡರಿನಲ್ಲೋ ಹೋಸಿನಲ್ಲೋ. ಎಣ್ಣೆ ಬಂದರೂ ಚಕ್ರ ಬಿಡದಿದ್ದರೆ ತಪ್ಪು ಕೆಳಗೆ, ಕ್ಯಾಲಿಪರ್ ಪಿಸ್ಟನ್ನಿಗೋ ಅದು ಜಾರುವ ಪಿನ್ನಿಗೋ ತುಕ್ಕು ಹಿಡಿದಿದೆ. ಪಿನ್ ತೆಗೆದು ಒರೆಸಿ ಬ್ರೇಕಿಗೆಂದೇ ಬರುವ ಗ್ರೀಸು ಸವರುವುದು ಮನೆಯಲ್ಲೇ ಆಗುತ್ತದೆ. ಪಿಸ್ಟನ್ ಹೊರತೆಗೆದು ಸೀಲ್ ಬದಲಿಸುವುದು ಮೊದಲ ಸಲ ಮಾಡುವವರಿಗೆ ಬೇಡ, ಬಲ್ಲವರ ಕೈಗೆ ಕೊಡಿ. ಬ್ರೇಕ್ ಎಣ್ಣೆ ಪೇಂಟಿಗೆ ತಾಗಿದರೆ ಒರೆಸುತ್ತಾ ಕೂರಬೇಡಿ, ಕೂಡಲೇ ನೀರು ಹಾಕಿ. ಕೊನೆಗೆ ನಿಪ್ಪಲ್ ಬಿಗಿದು, ಡಬ್ಬಿಗೆ ಎಣ್ಣೆ ತುಂಬಿಸಿ, ಲಿವರ್ ಗಟ್ಟಿಯಾಗಿ ನಿಲ್ಲುವವರೆಗೆ ಬ್ಲೀಡ್ ಮಾಡಿ, ಅಂದರೆ ಒಳಗಿನ ಗಾಳಿ ತೆಗೆಯಿರಿ.

ಕ್ಲಚ್ ಹಿಡಿದರೂ ಬೈಕ್ ಮುಂದಕ್ಕೆ ಎಳೆಯುತ್ತದೆ

ನ್ಯೂಟ್ರಲ್‌ನಲ್ಲಿ ಸರಾಗ ಹೋಗುತ್ತದೆ, ಗೇರಿಗೆ ಹಾಕಿ ಕ್ಲಚ್ ಹಿಡಿದರೆ ಕದಲುವುದಿಲ್ಲ. ಇದು ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿಕೊಂಡದ್ದು. ತಿಂಗಳುಗಟ್ಟಲೆ ನಿಂತ ಬೈಕಿಗೆ ತೀರಾ ಮಾಮೂಲಿ. ಇದಕ್ಕೆ ಕ್ಲಚ್ ಬಿಚ್ಚಿಸಿ ಹೊಸ ಪ್ಲೇಟ್ ಹಾಕಿಸಿದವರು ಇದ್ದಾರೆ.

ಮೊದಲು ಕೇಬಲ್. ಲಿವರಿನ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 15 ಮಿಲಿಮೀಟರ್ ಸಡಿಲ ಇರಬೇಕು. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಸಡಿಲವೇ ಇಲ್ಲದಿದ್ದರೆ ಜಾರುತ್ತದೆ. ಕೇಬಲ್ ಸರಿ ಇದ್ದರೆ ನ್ಯೂಟ್ರಲ್‌ನಲ್ಲಿ ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಮೇಲಿನ ಗೇರಿಗೆ ಹಾಕಿ, ಕ್ಲಚ್ ಹಿಡಿದು ಬೈಕನ್ನು ಹಿಂದೆ ಮುಂದೆ ತೂಗಿ. 'ಪಟ್' ಅಂತ ಬಿಡುತ್ತದೆ. ಬಿಡದಿದ್ದರೆ ಲಿವರನ್ನು ಹ್ಯಾಂಡಲಿಗೆ ಬಾಳೆನಾರಿನಲ್ಲಾದರೂ ಸರಿ, ಎಳೆದು ಕಟ್ಟಿ ರಾತ್ರಿಯಿಡೀ ಬಿಡಿ. ಗೇರಿನಲ್ಲಿಟ್ಟುಕೊಂಡೇ ಸೆಲ್ಫ್ ಒತ್ತಿ ನೋಡೋಣ ಅಂತ ಮಾತ್ರ ಹೋಗಬೇಡಿ. ಬೈಕ್ ಹಾರಿ ಗೋಡೆಗೆ ಹೊಡೆಯುತ್ತದೆ, ನಡುವೆ ನೀವಿರುತ್ತೀರಿ.

ಇದಕ್ಕೆ ಉಲ್ಟಾ, ಎಕ್ಸಿಲರೇಟರ್ ತಿರುಗಿಸಿದರೆ ಶಬ್ದ ಏರುತ್ತದೆ ವೇಗ ಏರುವುದಿಲ್ಲ ಅಂದರೆ ಕ್ಲಚ್ ಜಾರುತ್ತಿದೆ. ಆಗ ಕೇಳಿಕೊಳ್ಳಿ, ಕಳೆದ ಸಲ ಯಾವ ಆಯಿಲ್ ಹಾಕಿದ್ದು? ಕಾರಿನ ಆಯಿಲ್ ಉಳಿದಿತ್ತು ಅಂತ ಹಾಕಿದ್ದರೆ ಅದರಲ್ಲಿರುವ ಜಾರಿಕೆಯ ಮದ್ದೇ ಪ್ಲೇಟನ್ನು ಜಾರಿಸುತ್ತದೆ. ಡಬ್ಬಿಯ ಮೇಲೆ 'ಜಾಸೋ ಎಂಎ' (JASO MA) ಅಥವಾ 'ಎಂಎ2' ಅಂತ ಇರಬೇಕು, ಆಯಿಲ್‌ನಲ್ಲಿ ಮುಳುಗಿರುವ ಬೈಕ್ ಕ್ಲಚ್ಚಿಗೆ ಆಗುತ್ತದೆ ಅಂತ ಅದರ ಅರ್ಥ. ಸರಿಯಾದ ಆಯಿಲ್ ಹಾಕಿಯೂ ಜಾರಿದರೆ ಪ್ಲೇಟ್ ಸವೆದಿದೆ, ಅಥವಾ ಸ್ಪ್ರಿಂಗ್ ಸೋತಿದೆ.

ಸೆಲ್ಫ್ ಒತ್ತಿದರೆ 'ಟಿಕ್' ಅಷ್ಟೇ, ಅಥವಾ ಏನೂ ಇಲ್ಲ

ಕಿಲ್ ಸ್ವಿಚ್ ನೋಡಿ. ಆಮೇಲೆ ಬ್ಯಾಟರಿ. ಮಲ್ಟಿಮೀಟರಿನಲ್ಲಿ 12.6 ವೋಲ್ಟ್ ಅಥವಾ ಮೇಲೆ ಇದ್ದರೆ ತುಂಬಿದೆ, 12ಕ್ಕಿಂತ ಕೆಳಗೆ ಇದ್ದರೆ ಚಾರ್ಜಿಗೆ ಹಾಕಿ. ಸೆಲ್ಫ್ ಒತ್ತಿದಾಗ 10ಕ್ಕಿಂತ ಕೆಳಗೆ ಧುಮುಕಿದರೆ ಬ್ಯಾಟರಿಯ ಆಯಸ್ಸು ಮುಗಿದಿದೆ.

ಬ್ಯಾಟರಿ ಸರಿ ಇದ್ದೂ ಸತ್ತ ಹಾಗಿದ್ದರೆ ಸೈಡ್ ಸ್ಟ್ಯಾಂಡಿನ ವೈರ್ ಹುಡುಕಿ. ಸ್ಟ್ಯಾಂಡ್ ತೆಗೆದಾಗ ಆ ಸ್ವಿಚ್ಚಿನ ವೈರನ್ನು ಜೋಡಿಸಿ ಟೇಪ್ ಸುತ್ತಿರುತ್ತಾರೆ ಅಲ್ವಾ, ಆ ಟೇಪಿನೊಳಗೆ ನೀರು ಹೋಗಿ ತಾಮ್ರ ಹಸಿರಾಗಿರುತ್ತದೆ. ನ್ಯೂಟ್ರಲ್‌ನಲ್ಲಿ ಚಾಲೂ ಆಗಿ ಗೇರಿಗೆ ಹಾಕಿದ ಕೂಡಲೇ ಆಫ್ ಆಗುವುದಾದರೆ ಮೊದಲ ಅನುಮಾನ ಇದರ ಮೇಲೆಯೇ. ನಂತರ ಫ್ರೇಮಿಗೆ ಬಿಗಿದ ಅರ್ಥ್ ಬೋಲ್ಟ್ ತೆಗೆದು ಮರಳು ಕಾಗದದಲ್ಲಿ ಉಜ್ಜಿ. ಟ್ಯಾಂಕ್ ಎತ್ತಿ ಇಲಿ ವೈರ್ ಕಡಿದಿದೆಯಾ ನೋಡಿ. ಅಡಿಕೆ ಶೆಡ್ಡಿನಲ್ಲಿ ಇಲಿ ಇಲ್ಲ ಅನ್ನುವವರು ಸುಳ್ಳು ಹೇಳುತ್ತಾರೆ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಕೀ ಆನ್ ಮಾಡಿ ಕಿವಿ ಕೊಡಿ. ಟ್ಯಾಂಕಿನೊಳಗೆ ಎರಡು ಮೂರು ಸೆಕೆಂಡ್ 'ಗುಂಯ್' ಅಂತ ಪಂಪಿನ ಶಬ್ದ ಬರಬೇಕು. ಬರದಿದ್ದರೆ ಫ್ಯೂಸ್, ಕನೆಕ್ಟರ್, ಆಮೇಲೆ ಪಂಪು.

ಶಬ್ದ ಬಂದರೆ ಪೆಟ್ರೋಲನ್ನೇ ಅನುಮಾನಿಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಸೇರಿರುತ್ತದೆ. ಎಥೆನಾಲಿಗೆ ನೀರನ್ನು ಹೀರುವ ಗುಣ. ಅರ್ಧ ಖಾಲಿ ಟ್ಯಾಂಕ್, ನಾಲ್ಕು ತಿಂಗಳ ತೇವ, ಒಂದು ಹಂತ ದಾಟಿದ ಮೇಲೆ ನೀರು ಮತ್ತು ಎಥೆನಾಲ್ ಎರಡೂ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪು ಎಳೆಯುವುದೂ ತಳದಿಂದಲೇ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಹತ್ತು ನಿಮಿಷ ಅಲುಗಿಸದೆ ಇಡಿ. ನಡುವೆ ಗೆರೆ ಎಳೆದ ಹಾಗೆ ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಪೆಟ್ರೋಲ್ ಹಾಕಬೇಕು. ಪೈಪ್ ಕಳಚುವಾಗ ಬಟ್ಟೆ ಸುತ್ತಿ ಹಿಡಿಯಿರಿ, ಇಂಜೆಕ್ಷನ್ ಬೈಕಿನ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ, ಕಣ್ಣಿಗೆ ಹಾರುತ್ತದೆ.

ಆಮೇಲೆ ಸೈಲೆನ್ಸರ್. ಕುಂಬಾರ ಹುಳ ಅದರೊಳಗೆ ಮಣ್ಣಿನ ಗೂಡು ಕಟ್ಟುವುದು ಎಲ್ಲರಿಗೂ ಗೊತ್ತು, ಆದರೆ ಬೈಕ್ ಚಾಲೂ ಆಗದಿದ್ದಾಗ ಯಾರಿಗೂ ನೆನಪಾಗುವುದಿಲ್ಲ. ಟಾರ್ಚ್ ಹಿಡಿದು ನೋಡಿ. ಏರ್ ಫಿಲ್ಟರಿನ ಡಬ್ಬಿಯನ್ನೂ ತೆರೆಯಿರಿ, ನನಗೆ ಅಲ್ಲಿ ಒಮ್ಮೆ ಇಲಿ ಕೂಡಿಟ್ಟ ಅಡಿಕೆ ಸಿಪ್ಪೆ ಸಿಕ್ಕಿದೆ. ಕೊನೆಗೆ ಪ್ಲಗ್. ಕಿಡಿ ಪರೀಕ್ಷೆ ಮಾಡುವಾಗ ಪ್ಲಗ್ಗನ್ನು ಎಂಜಿನ್ನಿನ ಲೋಹಕ್ಕೆ ಒತ್ತಿ ಹಿಡಿಯಿರಿ, ಪ್ಲಗ್ಗಿನ ತೂತಿನಿಂದ ದೂರ. ತೂತಿನಿಂದ ಹಾರುವ ಪೆಟ್ರೋಲ್ ಹಬೆಗೆ ಕಿಡಿ ತಾಗಬಾರದು.

ಪೆಟ್ರೋಲ್, ಗಾಳಿ, ಕಿಡಿ ಮೂರೂ ಉಂಟು, ಆದರೂ ಹಿಡಿಯುವುದಿಲ್ಲ ಅಂದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಬೇಕು. ಗೇಜ್ ಇರುವ ವರ್ಕ್‌ಶಾಪಿಗೆ ಹೋಗುವ ಹೊತ್ತು ಅದು.

ಓಡುತ್ತದೆ, ಆದರೆ ಶಬ್ದ ಬರುತ್ತದೆ

ಈಗ ನನ್ನ ಕಥೆ. ಎರಡು ವರ್ಷದ ಹಿಂದೆ ಬೈಕ್ ಹೊರಗೆ ತೆಗೆದು ಅಂಗಳದಲ್ಲಿ ಮೆಲ್ಲ ಎರಡು ಸುತ್ತು ಬಂದೆ. ಕಾಲಿನ ಹತ್ತಿರ 'ಟಕ್... ಟಕ್...' ಅಂತ ಒಂದು ಶಬ್ದ. ಎದೆ ಧಸಕ್ಕೆಂದಿತು. ಒಂದು ವರ್ಕ್‌ಶಾಪಿನಲ್ಲಿ ಕೇಳಿಸಿದೆ. ಅವರು ತಲೆ ಓರೆ ಮಾಡಿ ಕೇಳಿ, ಕ್ರ್ಯಾಂಕ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ನಾನು ಮನೆಗೆ ಬಂದು ಆಯಿಲ್ ತೆಗೆದು, ಒಂದು ಬದಿಯ ಕವರ್ ಬಿಚ್ಚಿಯೂ ಆಯಿತು. ಅಷ್ಟರಲ್ಲಿ ಭಾವ ಬಂದ. ಅವನಿಗೆ ಬೈಕಿನ ಹುಚ್ಚಿಲ್ಲ, ಮದ್ದು ಬಿಡುವ ಪಂಪು ರಿಪೇರಿ ಮಾಡಿ ಗೊತ್ತು, ಅಷ್ಟೇ. ಸ್ಟ್ಯಾಂಡಿನಲ್ಲಿದ್ದ ಬೈಕಿನ ಹಿಂದಿನ ಚಕ್ರವನ್ನು ಸುಮ್ನೆ ಕೈಯಲ್ಲಿ ತಿರುಗಿಸಿದ. ಟಕ್.

"ಭಾವ, ಎಂಜಿನ್ ಬಂದ್ ಇದ್ದರೂ ಶಬ್ದ ಬರ್ತದಲ್ಲ, ಮತ್ತೆ ಎಂಜಿನ್ ಹಾಳಾದ್ದು ಹೇಗೆ?"

ಚೈನಿನಲ್ಲಿ ಒಂದೇ ಒಂದು ಕೊಂಡಿ ತುಕ್ಕು ಹಿಡಿದು ಗಟ್ಟಿಯಾಗಿತ್ತು. ಅದು ಮುಂದಿನ ಸಣ್ಣ ಸ್ಪ್ರಾಕೆಟ್ ಸುತ್ತುವಾಗ ಮಡಚಲಾರದೆ ಹಲ್ಲಿನಿಂದ ಎದ್ದು ಬೀಳುತ್ತಿತ್ತು. ಅದೇ ಟಕ್.

ಹಾಗಾಗಿ ಶಬ್ದ ಬಂದರೆ ಮೊದಲ ಪ್ರಶ್ನೆ ಇದು: ಶಬ್ದ ಎಂಜಿನ್ನಿನ ಜೊತೆ ಹೋಗುತ್ತದಾ, ಚಕ್ರದ ಜೊತೆ ಹೋಗುತ್ತದಾ? ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಕ್ಸಿಲರೇಟರ್ ಕೊಡಿ. ಶಬ್ದ ಇಲ್ಲದಿದ್ದರೆ, ಮತ್ತು ಎಂಜಿನ್ ಆಫ್ ಮಾಡಿ ಚಕ್ರ ತಿರುಗಿಸಿದಾಗ ಬಂದರೆ, ಅದು ಚಕ್ರ, ಚೈನ್, ಸ್ಪ್ರಾಕೆಟ್, ಬೇರಿಂಗ್, ಡಿಸ್ಕ್ ಇಷ್ಟರಲ್ಲೇ ಎಲ್ಲೋ ಇದೆ.

ಚಕ್ರದ ಶಬ್ದವಾದರೆ ಎಣಿಸಿ. ಟಯರಿಗೆ ಸುಣ್ಣದಲ್ಲಿ ಒಂದು ಗುರುತು ಹಾಕಿ ಮೆಲ್ಲ ತಿರುಗಿಸುತ್ತಾ ಹೋಗಿ. ಹಿಂದಿನ ಸ್ಪ್ರಾಕೆಟ್ಟಿಗೆ 48 ಹಲ್ಲು, ಚೈನಿಗೆ 120 ಕೊಂಡಿ ಅಂತ ಇಟ್ಟುಕೊಳ್ಳಿ. 120ನ್ನು 48ರಿಂದ ಭಾಗಿಸಿದರೆ ಎರಡೂವರೆ. ಅಂದರೆ ಚಕ್ರ ಎರಡೂವರೆ ಸುತ್ತು ಬಂದಾಗ ಚೈನ್ ಪೂರ್ತಿ ಒಂದು ಸುತ್ತು. ಎರಡೂವರೆ ಸುತ್ತಿಗೊಮ್ಮೆ ಟಕ್ ಅಂದರೆ ಕೆಟ್ಟ ಕೊಂಡಿ. ಪ್ರತೀ ಸುತ್ತಿಗೆ ಒಮ್ಮೆ ಅಂದರೆ ಹಿಂದಿನ ಸ್ಪ್ರಾಕೆಟ್, ಚಕ್ರ ಅಥವಾ ಸೊಟ್ಟ ಡಿಸ್ಕ್. ಒಂದು ಸುತ್ತಿಗೆ ಮೂರು ನಾಲ್ಕು ಸಲ ಅಂದರೆ ಮುಂದಿನ ಸ್ಪ್ರಾಕೆಟ್, ಯಾಕೆಂದರೆ ಅದಕ್ಕೆ 14 ಹಲ್ಲು ಇದ್ದರೆ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಅದು ಸುಮಾರು ಮೂರೂವರೆ ಸುತ್ತು ಬಂದಿರುತ್ತದೆ. ನಿಮ್ಮ ಬೈಕಿನ ಹಲ್ಲು, ಕೊಂಡಿ ಎಣಿಸಿ ಲೆಕ್ಕ ಹಾಕಿ. ಹತ್ತು ನಿಮಿಷದ ಕೆಲಸ, ಖರ್ಚು ಒಂದು ಚಿಟಿಕೆ ಸುಣ್ಣ.

ಗಟ್ಟಿ ಕೊಂಡಿ ಸಿಕ್ಕಿದರೆ ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆ) ಬ್ರಷ್ ಹಾಕಿ ತೊಳೆಯಿರಿ. ಪೆಟ್ರೋಲ್ ಬೇಡ, ಕೊಂಡಿಯೊಳಗಿನ ರಬ್ಬರ್ ರಿಂಗ್ ಹಾಳಾಗುತ್ತದೆ. ಕೈಯಲ್ಲಿ ಆಚೆ ಈಚೆ ಮಡಚಿ ಚೈನ್ ಲ್ಯೂಬ್ ಹಾಕಿ. ಅದು ಬಿಟ್ಟುಕೊಂಡು ಮತ್ತೆ ಗಟ್ಟಿಯಾಗದಿದ್ದರೆ ಸರಿ. ಮರುದಿನ ಮತ್ತೆ ಗಟ್ಟಿಯಾದರೆ ಒಳಗಿನ ಗ್ರೀಸು ಹೋಗಿದೆ, ಚೈನ್ ಬದಲಿಸಲೇಬೇಕು. ಟ್ರ್ಯಾಕಿನಲ್ಲಿ ಚೈನ್ ಕಡಿದರೆ ಕ್ರ್ಯಾಂಕ್‌ಕೇಸ್ ಒಡೆಯಬಹುದು, ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು. ಇದರಲ್ಲಿ ಉಳಿತಾಯ ನೋಡಬೇಡಿ. ಸ್ಪ್ರಾಕೆಟ್ ಹಲ್ಲು ಕೊಕ್ಕೆಯ ಹಾಗೆ ಬಾಗಿದ್ದರೆ ಚೈನ್, ಎರಡು ಸ್ಪ್ರಾಕೆಟ್ ಮೂರನ್ನೂ ಒಟ್ಟಿಗೆ ಬದಲಿಸಿ.

ಚೈನಿನ ಸಡಿಲ ಅಳೆಯುವುದು ಅದು ಅತೀ ಬಿಗಿ ಇರುವ ಜಾಗದಲ್ಲಿ. ಎಷ್ಟಿರಬೇಕು ಅಂತ ಸ್ವಿಂಗ್ ಆರ್ಮಿನ ಸ್ಟಿಕರಿನಲ್ಲೋ ಪುಸ್ತಕದಲ್ಲೋ ಇರುತ್ತದೆ. ರೇಸಿಗೆ ಬಿಗಿ ಇರಬೇಕು ಅಂತ ಕೆಲವರು ತಂತಿಯ ಹಾಗೆ ಎಳೆದು ಇಡುತ್ತಾರೆ. ನೀವು ಕೂತು ಸಸ್ಪೆನ್ಷನ್ ಇಳಿದಾಗ ಅದು ಇನ್ನೂ ಬಿಗಿಯಾಗಿ ಗೇರ್‌ಬಾಕ್ಸಿನ ಬೇರಿಂಗನ್ನೇ ತಿನ್ನುತ್ತದೆ. ಅದು ನಿಜವಾಗಿಯೂ ಎಂಜಿನ್ ಇಳಿಸುವ ಕೆಲಸ.

ಇನ್ನು ಶಬ್ದ ಎಂಜಿನ್ನಿನ ಜೊತೆಗೇ ಹೋಗುತ್ತದೆ ಅಂತಾದರೆ? ನ್ಯೂಟ್ರಲ್‌ನಲ್ಲಿ ಓಡಿಸಿ ಕ್ಲಚ್ ಹಿಡಿದು ಬಿಟ್ಟು ಮಾಡಿ. ಹಿಡಿದಾಗ ಶಬ್ದ ಬದಲಾದರೆ ಕ್ಲಚ್ಚಿನ ಕಡೆಯದ್ದು, ಇಲ್ಲವೇ ಗೇರ್‌ಬಾಕ್ಸಿನ ಬೇರಿಂಗಿನದ್ದು. ಬದಲಾಗದಿದ್ದರೆ ಮರದ ಹಿಡಿಯ ಉದ್ದ ಸ್ಕ್ರೂಡ್ರೈವರ್ ತನ್ನಿ. ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ. ತಿರುಗುವ ಭಾಗದಿಂದ ದೂರ ಇರಿ, ಉದ್ದ ಕೂದಲು, ಬೈರಾಸು ಎಲ್ಲ ಕಟ್ಟಿಕೊಳ್ಳಿ. ಎಲ್ಲಿ ಒತ್ತಿದಾಗ ಶಬ್ದ ಹತ್ತಿರ ಬಂದ ಹಾಗೆ ಕೇಳುತ್ತದೋ ಅಲ್ಲಿ ನೋಡಬೇಕು.

ಎಂಜಿನ್ನಿನ ತಲೆಯ ಕಡೆಯಿಂದ ಹೊಲಿಗೆ ಮಿಷನ್ ಹಾಗೆ ಸಣ್ಣ 'ಟಿಕ್ ಟಿಕ್' ಬಂದರೆ ವಾಲ್ವ್ ಸಡಿಲವಾಗಿರಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜಿನಲ್ಲಿ ಅಳೆಯುವುದು. ಒಂದು ವಿಷಯ ಹೇಳುತ್ತೇನೆ, ಟಿಕ್ ಟಿಕ್ ಅನ್ನುವ ವಾಲ್ವಿಗಿಂತ ಶಬ್ದವೇ ಮಾಡದ ಬಿಗಿ ವಾಲ್ವ್ ಅಪಾಯ. ಅದು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಚಾಲೂ ಮಾಡಿದ ಮೊದಲ ಒಂದೆರಡು ಸೆಕೆಂಡ್ ಮಾತ್ರ 'ಕರಕರ' ಅಂದು ಆಮೇಲೆ ನಿಂತರೆ ಎಂಜಿನ್ನಿನೊಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿಡುವ ಟೆನ್ಷನರ್. ದಿನ ದಿನಕ್ಕೆ ಆ ಎರಡು ಸೆಕೆಂಡ್ ಹತ್ತಾದರೆ ಮತ್ತೆ ಕಾಯಬೇಡಿ, ಚೈನ್ ಹಲ್ಲು ಹಾರಿದರೆ ವಾಲ್ವ್ ಪಿಸ್ಟನ್ನಿಗೆ ಹೊಡೆಯುತ್ತದೆ.

ಕೆಳಗಿನಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ದಪ್ಪ 'ಠಕ್ ಠಕ್', ಎಂಜಿನ್ ಬಿಸಿಯಾದ ಹಾಗೆ ಜಾಸ್ತಿ, ಎಕ್ಸಿಲರೇಟರ್ ಕೊಟ್ಟಾಗ ಇನ್ನೂ ಜಾಸ್ತಿ. ಇದು ಕನೆಕ್ಟಿಂಗ್ ರಾಡಿನ ಬೇರಿಂಗ್. ಕೂಡಲೇ ಆಫ್ ಮಾಡಿ. ಇನ್ನೊಮ್ಮೆ ಕೇಳೋಣ ಅಂತಲೂ ಚಾಲೂ ಮಾಡಬೇಡಿ. ಆಯಿಲ್ ತೆಗೆದು ಬಿಳಿ ಬಟ್ಟೆಯಲ್ಲಿ ಸೋಸಿ, ಬಿಸಿಲಿಗೆ ಹಿಡಿದಾಗ ಮಿನುಗುವ ಲೋಹದ ಚೂರು ಕಂಡರೆ ಅನುಮಾನ ಗಟ್ಟಿ. ಇದು ಮನೆಯ ಕೆಲಸ ಅಲ್ಲ.

ಆಯಿಲ್ ಹಾಲು ಹಾಕಿದ ಚಹಾದ ಹಾಗಿದೆ

ಆಯಿಲ್ ಮುಚ್ಚಳದ ಒಳಬದಿಯಲ್ಲಿ ಮಾತ್ರ ಕೆನೆಯ ಹಾಗೆ ಸ್ವಲ್ಪ ಇದ್ದರೆ ಅದು ನಮ್ಮ ಮಳೆಗಾಲದ ತೇವ. ಒರೆಸಿ, ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಆಯಿಲ್ ಬದಲಿಸಿದರೆ ಮುಗಿಯಿತು. ಶೆಡ್ಡಿನಲ್ಲಿದ್ದಾಗ ವಾರಕ್ಕೊಮ್ಮೆ ಎರಡು ನಿಮಿಷ ಚಾಲೂ ಮಾಡುವವರಿಗೆ ಇದು ಜಾಸ್ತಿ. ಎಂಜಿನ್ ಪೂರ್ತಿ ಬಿಸಿಯಾಗದೆ ಒಳಗೆ ಹಬೆ ಮಾತ್ರ ಕೂಡುತ್ತದೆ. ಅದಕ್ಕಿಂತ ಮುಟ್ಟದೆ ಇಡುವುದೇ ಒಳ್ಳೆಯದು.

ತೆಗೆದ ಆಯಿಲ್ ಇಡೀ ಚಹಾದ ಬಣ್ಣ ಆಗಿದ್ದರೆ ರೇಡಿಯೇಟರಿನ ನೀರು ಸೇರಿದೆ. ಎಂಜಿನ್ ಓಡಿಸಬೇಡಿ. ಆದರೆ ಹೆಡ್ ಗ್ಯಾಸ್ಕೆಟ್ ಅಂತ ಹೆದರುವ ಮೊದಲು ವಾಟರ್ ಪಂಪಿನ ಕೆಳಗಿನ ಸಣ್ಣ ತೂತು ನೋಡಿ. ನೀರಿನ ಸೀಲಿಗೂ ಆಯಿಲ್ ಸೀಲಿಗೂ ನಡುವೆ ಆ ತೂತು ಇರುತ್ತದೆ, ಸೀಲ್ ಹೋದರೆ ಅಲ್ಲಿಂದ ತೊಟ್ಟಿಕ್ಕುತ್ತದೆ ಅಥವಾ ಒಣಗಿದ ಕಲೆ ಕಾಣುತ್ತದೆ. ಟ್ರ್ಯಾಕ್ ಬೈಕಿನಲ್ಲಿ ಇದಕ್ಕೊಂದು ವಿಶೇಷ ಕಾರಣವೂ ಉಂಟು. ಕೂಲೆಂಟ್ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಅಂತ ಬರೀ ನೀರು ಹಾಕಿಸುತ್ತಾರೆ. ಓಡಿಸುವ ದಿನಕ್ಕೆ ಅದು ಸರಿ. ಅದೇ ನೀರನ್ನು ನಾಲ್ಕು ತಿಂಗಳು ಒಳಗೆ ಬಿಟ್ಟರೆ ತುಕ್ಕು, ಪಾಚಿ, ಹೋಗುವುದು ಪಂಪಿನ ಸೀಲೇ. ಮೇ ತಿಂಗಳಲ್ಲಿ ನೀರು ತೆಗೆದು ಕೂಲೆಂಟ್ ತುಂಬಿಸಿ ಇಡಿ, ಟ್ರ್ಯಾಕಿಗೆ ಹೋಗುವ ಮೊದಲು ಪುನಃ ನೀರು.

ಬಿಸಿ ಏರುತ್ತಿದ್ದರೆ ನೀರಿನ ಮಟ್ಟ, ರೇಡಿಯೇಟರಿನ ರೆಕ್ಕೆಯ ಮಣ್ಣು, ಫ್ಯಾನಿನ ಕನೆಕ್ಟರ್, ಇದೇ ಕ್ರಮ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಕುದಿನೀರು ಮುಖಕ್ಕೇ ಬರುತ್ತದೆ. ತಣ್ಣಗಿರುವಾಗ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿ. ಮೊದಲು ಒಂದೆರಡು ಗುಳ್ಳೆ ಬರುವುದು ಸಹಜ. ನಿಲ್ಲದೆ ಬರುತ್ತಲೇ ಇದ್ದರೆ ಅದು ಗ್ಯಾಸ್ಕೆಟ್.

ಗೇರ್ ಬೀಳುವುದಿಲ್ಲ, ಬಿದ್ದದ್ದು ಹಾರುತ್ತದೆ

ಕಳೆದ ಸಲ ಬಿದ್ದಿದ್ದಿರಾ? ಹಾಗಾದರೆ ಗೇರ್ ಲಿವರ್ ಬಗ್ಗಿ ಎಂಜಿನ್ ಕವರಿಗೋ ಫ್ರೇಮಿಗೋ ತಾಗುತ್ತಿರಬಹುದು. ಉಲ್ಟಾ ಗೇರ್ (ಕೆಳಗೆ ಒತ್ತಿದರೆ ಮೇಲಿನ ಗೇರ್ ಬೀಳುವ ಹಾಗೆ) ಮಾಡಿಸಿಕೊಂಡವರ ಬೈಕಿನಲ್ಲಿ ಕಡ್ಡಿಯ ಕೋನ ತಪ್ಪಿ ಪೂರ್ತಿ ಎಳೆಯದಿರುವುದೂ ಉಂಟು. ಅದಾದ ಮೇಲೆ ಕ್ಲಚ್ ಕೇಬಲ್, ಚೈನಿನ ಸಡಿಲ, ಆಯಿಲ್. ಇವೆಲ್ಲ ಸರಿ ಇದ್ದು, ಪೂರ್ತಿ ಎಕ್ಸಿಲರೇಟರ್ ಕೊಟ್ಟಾಗ ಯಾವಾಗಲೂ ಒಂದೇ ಗೇರು ಹಾರುತ್ತದೆ ಅಂದರೆ ಒಳಗಿನ ಹಲ್ಲು ಸವೆದಿದೆ. ಎಂಜಿನ್ ಎರಡು ಹೋಳು ಮಾಡಬೇಕು. ಅಲ್ಲಿ ನಿಲ್ಲಿಸಿ.

ಬ್ರೇಕ್ ಲಿವರ್ ಸ್ಪಂಜಿನ ಹಾಗೆ, ಹ್ಯಾಂಡಲ್ ನಡುವಿನಲ್ಲಿ ಕಚ್ಚುತ್ತದೆ

ಬ್ರೇಕ್ ಎಣ್ಣೆಯೂ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸದಿದ್ದಾಗ ಕಡಿಮೆ ಎಂದರೆ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ತೇವ ಕುಡಿದ ಎಣ್ಣೆಗೆ ಆ ಗಡಿ 155 ಅಷ್ಟೇ. ಮನೆಯಲ್ಲಿ ಲಿವರ್ ಗಟ್ಟಿ ಇದ್ದು ಟ್ರ್ಯಾಕಿನ ಐದನೇ ಸುತ್ತಿನಲ್ಲಿ ಹಿಡಿಗೆ ಬಂದು ತಾಗುವುದು ಇದರಿಂದಲೇ. ಹಾಗಾಗಿ ಮಳೆಗಾಲ ಕಳೆದ ಮೇಲೆ ಪರೀಕ್ಷೆ ಗಿರೀಕ್ಷೆ ಬೇಡ, ಮುಚ್ಚಿದ ಹೊಸ ಬಾಟಲಿ ತಂದು ಪೂರ್ತಿ ಬದಲಿಸಿ. ಗಾಳಿ ತೆಗೆದ ಮೇಲೂ ಮೆತ್ತಗಿದ್ದರೆ ಓಡಿಸಲೇಬೇಡಿ.

ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಒಂದು ಬೆರಳಿನಲ್ಲಿ ಮೆಲ್ಲ ತಿರುಗಿಸಿ. ನಡುವಿನಲ್ಲಿ ತಗ್ಗಿಗೆ ಬಿದ್ದ ಹಾಗೆ ನಿಂತರೆ ಸ್ಟೀರಿಂಗ್ ಬೇರಿಂಗ್ ಹೋಗಿದೆ. ಟಯರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ, ಕುಲುಕಿದರೆ ಚಕ್ರದ ಬೇರಿಂಗ್. ಅಲ್ಲೇ ಟಯರಿನ ಬದಿಯ ನಾಲ್ಕು ಅಂಕಿಯನ್ನೂ ಓದಿ. 2322 ಅಂದರೆ 2022ರ 23ನೇ ವಾರದ ಟಯರ್.

ಎಲ್ಲಿ ನೋಡಿದರೂ ಬಿಳಿ ಹುಡಿ, ಹಸಿರು ಕಲೆ

ಇದು ನಮ್ಮೂರಿನವರಿಗೇ ಬರುವ ತೊಂದರೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ಮದ್ದಿಗೆ ಬೇಕಾದ ಮೈಲುತುತ್ತಿನ (ಕಾಪರ್ ಸಲ್ಫೇಟ್) ಚೀಲ ಇರುವ ಶೆಡ್ಡಿನಲ್ಲೇ ಬೈಕನ್ನೂ ಇಡುತ್ತೇವೆ. ತುತ್ತಿನ ಹುಡಿ ತೇವದ ಜೊತೆ ಸೇರಿ ಕಬ್ಬಿಣವನ್ನೂ ಅಲ್ಯೂಮಿನಿಯಮನ್ನೂ ತಿನ್ನುತ್ತದೆ. ನನ್ನ ಚೈನಿನ ಆ ಒಂದು ಕೊಂಡಿ ಗಟ್ಟಿಯಾದದ್ದು ಯಾಕೆ ಅಂತ ಹುಡುಕಿದರೆ, ಚೈನಿನ ಅದೇ ಜಾಗಕ್ಕೆ ತಾಗಿ ಮದ್ದಿನ ಪಂಪಿನ ಹೋಸು ನೇತಾಡುತ್ತಿತ್ತು, ತುದಿಯಿಂದ ತೊಟ್ಟಿಕ್ಕಿದ ನೀಲಿ ಕಲೆ ನೆಲದ ಮೇಲೆ ಇನ್ನೂ ಇತ್ತು. ಕಲೆ ಕಂಡಲ್ಲಿ ನೀರಿನಲ್ಲಿ ತೊಳೆದು, ಒಣಗಿಸಿ, ಬೋಲ್ಟುಗಳಿಗೆ ತೆಳುವಾಗಿ ಎಣ್ಣೆ ಸವರಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆಯ ಕೈ ತಾಗಬಾರದು.

ಕೊನೆಯ ರಾತ್ರಿ

ಎಲ್ಲ ಮುಗಿದ ಮೇಲೆ ಓಡಿಸಿ ನೋಡಲು ರಸ್ತೆಗೆ ಇಳಿಸಬೇಡಿ, ಲೈಟು ನಂಬರ್ ಪ್ಲೇಟ್ ಇಲ್ಲದ ಬೈಕ್ ಅದು. ಅಂಗಳದಲ್ಲಿ ಅಡಿಕೆ ಹರವುವ ಮೊದಲು, ಹೆಲ್ಮೆಟ್ ಹಾಕಿ, ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ ಮೆಲ್ಲ ನಾಲ್ಕು ಸುತ್ತು ಸಾಕು. ಬಿಚ್ಚಿದ ಬೋಲ್ಟಿಗೆಲ್ಲ ಪೇಂಟಿನ ಗೆರೆ ಎಳೆಯಿರಿ, ಆಯಿಲ್ ಬೋಲ್ಟ್ ಸಡಿಲವಾಗದಂತೆ ತಂತಿ ಕಟ್ಟಿದ್ದೀರಾ ನೋಡಿ.

ಆಮೇಲೆ ಬೈಕಿನ ಅಡಿಗೆ ಹಳೆ ಪೇಪರ್ ಹರಡಿ ಮಲಗಿ. ಬೆಳಿಗ್ಗೆ ಚಹಾ ಹಿಡಿದುಕೊಂಡು ಹೋಗಿ ಅದನ್ನು ಓದಿ. ಕಂದು ಕಲೆ ಎಂಜಿನ್ ಆಯಿಲ್. ಕಾಗದ ಎಣ್ಣೆ ತಿಂಡಿ ಕಟ್ಟಿದ ಹಾಗೆ ಪಾರದರ್ಶಕವಾಗಿ, ಕಲೆ ಚಕ್ರದ ಹತ್ತಿರ ಇದ್ದರೆ ಬ್ರೇಕ್ ಎಣ್ಣೆ ಅಥವಾ ಫೋರ್ಕ್ ಎಣ್ಣೆ. ಒದ್ದೆಯಾಗಿ ಸುಕ್ಕುಗಟ್ಟಿದ್ದರೆ ನೀರು. ಏನೂ ಇಲ್ಲದೆ ಬರೀ ಪೆಟ್ರೋಲ್ ವಾಸನೆ ಬಂದರೆ ಟ್ಯಾಂಕಿನ ಅಡಿ ಪುನಃ ನೋಡಬೇಕು. ಪೇಪರ್ ಒಣಗಿಯೇ ಇದ್ದರೆ ಪಿಕಪ್ಪಿನವರಿಗೆ ಫೋನ್ ಮಾಡಬಹುದು.